ಎತ್ತಿಟ್ಟ ಚೊಂಬು

ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಯಗಟಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅತ್ತೆ, ಸೊಸೆ. ಸೊಸೆಯ ಮಡಿಲಲ್ಲಿ ಆಸ್ಪತ್ರೆಯ ಫೈಲು. ಅವಳ ಎರಡೂ ಕೆನ್ನೆ ಊದಿದ್ದವು.

"ಡಾಕ್ಟ್ರು ಇಂಗ್ಲಿಷಲ್ಲಿ ಏನಂದ್ರೇ ತನುಜಾ?"

"ಜೊಲ್ಲಿನ ಗ್ರಂಥಿ ಊದೋ ಕಾಯ್ಲೆ ಎರಡು ಥರ ಐತಂತೆ ಅತ್ತೆ. ಹೊರಗಿಂದ ನೋಡಿದ್ರೆ ಎರಡೂ ಒಂದೇ."

"ಮತ್ತೆ ನಿಂದ್ಯಾವ್ದು ಅಂತ ಹೆಂಗೆ ಗೊತ್ತಾಯ್ತು?"

"ತುಟಿ ಒಳಗಿಂದ ಚೂರು ತೆಗೆದಿದ್ರಲ್ಲ. ಅದ್ರಲ್ಲಿ ಯಾವ ಜೀನು ಜೋರಾಗಿ ಕೆಲ್ಸ ಮಾಡ್ತೈತೆ, ಯಾವ್ದು ಸುಮ್ನೈತೆ ಅಂತ ನೋಡಿದ್ರಂತೆ. ಒಂದೊಂದು ಕಾಯ್ಲೇಲಿ ಒಂದೊಂದು ಥರ. ನಂದು ಬಾಯಿ ಪೂರ್ತಿ ಒಣಗ್ಸೋದು."

"ಅಂದ್ರೆ ಮುದ್ದೆ ನುಂಗಕ್ಕೆ ನಿಜವಾಗ್ಲೂ ಆಗ್ತಿರ್ಲಿಲ್ವಾ?"

"ನೀರಿಲ್ದೆ ಆಗ್ತಿರ್ಲಿಲ್ಲ."

"ತುತ್ತಿಗೊಂದು ಸಲ ನೀರು ಕುಡೀತಾಳೆ, ನನ್ನ ಕೈ ಮುದ್ದೆ ಅಂದ್ರೆ ಇವ್ಳಿಗೆ ತಾತ್ಸಾರ ಅಂತ ಚೊಂಬು ಎತ್ತಿಡ್ತಿದ್ದೆನಲ್ಲೇ."

"ಬಿಡಿ ಅತ್ತೆ, ನಿಮ್ಗೇನು ಗೊತ್ತಿತ್ತು."

"ಗಂಟ್ಲಲ್ಲಿ ಸಿಕ್ಕಾಕ್ಕೊಳ್ಳೋದು ಕಾಣ್ತಿತ್ತು ಕಣೇ. ಕಂಡೂ ಎತ್ತಿಟ್ಟೆ."

ಬಸ್ಸು ಬಂದು ನಿಂತಿತು. ಅತ್ತೆ ಚೀಲದಿಂದ ನೀರಿನ ಬಾಟ್ಲಿ ತೆಗೆದು, ಮುಚ್ಚಳ ಬಿಚ್ಚಿ ಚಾಚಿದರು.

"ನನ್ನ ತುಟಿದೂ ಒಂದು ಚೂರು ತೆಗ್ಸೇ. ಚೊಂಬು ಎತ್ತಿಡ್ಸಿದ್ದು ಯಾವ ಜೀನು, ನೋಡ್ಲಿ."

ತನುಜಾ ಒಂದು ಗುಟುಕು ಕುಡಿದು, ಬಾಟ್ಲಿ ಹಿಡಿದೇ ಬಸ್ಸು ಹತ್ತಿದಳು. ಮುಚ್ಚಳ ಕೈಯಲ್ಲೇ ಹಿಡಿದು ಅತ್ತೆ ಅವಳ ಹಿಂದೆ ಹತ್ತಿದರು.