ಗಾಜು ಜಾರಿದಾಗ

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕಿಟಕಿಗೆ ಗಾಜು ಕೂರಿಸುವ ಇಬ್ಬರು ಕೆಲಸಗಾರರಿದ್ದರು. ಒಬ್ಬನ ಅಂಗೈಗೆ ಸುತ್ತಿದ ಟವೆಲ್ಲಿನಲ್ಲಿ ರಕ್ತ ಒಸರುತ್ತಿತ್ತು. ಇಬ್ಬರ ಮನೆಮಾತೂ ಬೇರೆ ಬೇರೆ. ಜಗಳ ಮಾತ್ರ ಇಬ್ಬರಿಗೂ ಬರುವ ಕೆಲಸದ ಭಾಷೆಯಲ್ಲಿ ನಡೆದಿತ್ತು.

“ಗಾಜು ಕೈಲಿದ್ದಾಗ ಕೆಲಸದ ಭಾಷೆ ಬಿಟ್ಟು ಬೇರೆ ಆಡಬಾರ್ದು ಅಂತ ಮಾತಾಗಿತ್ತಲ್ಲ?” ಎಂದ ಗಾಯಗೊಂಡವನು.

“ಆಗಿತ್ತು.”

“ಮತ್ತೆ ಜಾರಿದಾಗ ನಿನ್ನ ಭಾಷೇಲಿ ಯಾಕೆ ಕೂಗ್ದೆ?”

“ಕೈ ಬಿಡು ಅಂತಾನೇ ಕೂಗಿದ್ದು, ಮಾರಾಯ.”

“ಯಾರಿಗೆ? ನಿನ್ನ ಭಾಷೆ ಬರೋದು ಮೇಸ್ತ್ರಿಗೆ. ಅವನು ಟಣ್ಣಂತ ಪಕ್ಕಕ್ಕೆ ಹಾರ್ದ. ನಾನು ಕಂಬದ ಹಾಗೆ ಹಿಡ್ಕೊಂಡೇ ನಿಂತೆ.”

“ಬಾಯಿಗೆ ಬಂದಿದ್ದೇ ಅದು. ಬೇಕಂತ ಮಾಡಿಲ್ಲ.”

“ನನ್ನ ಕಿವಿಗೆ ಹೂ ಇಡ್ಬೇಡ. ಇಷ್ಟು ವರ್ಷ ಜೊತೆಗಿದ್ದೂ ಆ ಒಂದು ಮಾತು ಬರ್ಲಿಲ್ವಾ?”

ನರ್ಸ್ ಕರೆದಳು. ಹೆಗಲಿಗೆ ಬಂದ ಗೆಳೆಯನ ಕೈಯನ್ನು ಕೊಡವಿ ಅವನು ಒಬ್ಬನೇ ಒಳಹೋದ. ಟವೆಲ್ ಬಿಚ್ಚಿದರೆಂದು ಕಾಣುತ್ತದೆ. ತನ್ನ ಮನೆಮಾತಿನಲ್ಲಿ ಜೋರಾಗಿ ಚೀರಿದ. ನನಗೆ ಒಂದಕ್ಷರವೂ ತಿಳಿಯಲಿಲ್ಲ.

ಹೊರಗಿದ್ದವನು ನನ್ನತ್ತ ತಿರುಗಿದ.

“ಕೇಳಿದ್ರಾ? ಈಗೆಲ್ಲಿ ಹೋಯ್ತು ಕೆಲಸದ ಭಾಷೆ?”

ನಾನು ಬಾಯಿ ತೆರೆಯುವ ಮೊದಲೇ ಎದ್ದು ಒಳಗೆ ಓಡಿದ.