ಮೇಸ್ತ್ರಿ ವಾಪಸ್ ತೆಗೆದುಕೊಂಡ ಮಾತು

ಬೈಬಲಿನ ಸೌಲ ಅರಸನ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತಾ ಹೋದರೆ ಮಧ್ಯಾಹ್ನವಾಗುತ್ತದೆ. ನೀವೂ ಗಡಿಯಾರ ನೋಡಲು ಶುರು ಮಾಡುತ್ತೀರಿ. ಆದ್ದರಿಂದ ಇವತ್ತು ಒಂದೇ ಒಂದು ತಪ್ಪು. ಅದು ನಮ್ಮೆಲ್ಲರ ಮನೆಯಲ್ಲೂ ಇರುವಂಥದ್ದು.

ಅದು ಯುದ್ಧದ ದಿನ. ಶತ್ರುಗಳು ಓಡುತ್ತಿದ್ದಾರೆ, ಸೌಲನ ಸೈನಿಕರು ಬೆನ್ನಟ್ಟುತ್ತಿದ್ದಾರೆ. ಸಂಜೆಯಾಗುವವರೆಗೆ ಯಾರೂ ಒಂದು ತುತ್ತೂ ಮುಟ್ಟಬಾರದು, ಮುಟ್ಟಿದವನಿಗೆ ಶಾಪ ಎಂದು ಅರಸ ಆಣೆ ಇಟ್ಟುಬಿಟ್ಟಿದ್ದಾನೆ. ಕಾಡಿನಲ್ಲಿ ಜೇನು ನೆಲಕ್ಕೆ ಸುರಿಯುತ್ತಿದೆ. ಜನರು ಹಸಿದು ಬಳಲಿದ್ದಾರೆ, ಆದರೂ ಯಾರೂ ಕೈಚಾಚುತ್ತಿಲ್ಲ. ಅರಸನ ಮಗ ಯೋನಾತಾನನಿಗೆ ಮಾತ್ರ ಈ ಆಣೆಯ ವಿಷಯ ಗೊತ್ತಿಲ್ಲ. ಅವನು ಕೋಲಿನ ತುದಿಯನ್ನು ಜೇನಿನಲ್ಲಿ ಅದ್ದಿ ನೆಕ್ಕಿದ. ಆಮೇಲೆ ವಿಷಯ ಬಯಲಾಯಿತು. ಅಪ್ಪ ಏನೆಂದ ಗೊತ್ತೇ? ಮಗ ಸಾಯಲೇಬೇಕು ಎಂದ. ಮಾತು ಆಡಿಯಾಗಿದೆಯಲ್ಲ, ಹಿಂದೆ ತೆಗೆದುಕೊಳ್ಳುವುದು ಹೇಗೆ? ಕೊನೆಗೆ ಸೈನಿಕರೇ ಅಡ್ಡ ನಿಂತು ಅವನ ಜೀವ ಉಳಿಸಿದರು. ತಪ್ಪಾಯಿತು ಎಂಬ ಮಾತು ಮಾತ್ರ ಅರಸನ ಬಾಯಿಂದ ಬರಲಿಲ್ಲ.

ಈಗ ಒಂದು ಕಥೆ ಕೇಳಿ. ನಮ್ಮಂಥದೇ ಒಂದು ಊರಿನಲ್ಲಿ ಒಬ್ಬ ಗಾರೆ ಮೇಸ್ತ್ರಿ ಇದ್ದ. ಕೈಕೆಳಗೆ ಮೂವತ್ತು ಜನ. ಒಳ್ಳೆಯ ಕೆಲಸಗಾರ, ಆದರೆ ಮಾತೆಂದರೆ ಮಾತು. ಒಂದು ಮನೆಯ ತಾರಸಿಗೆ ಮೋಲ್ಡ್ ಹಾಕುವ ದಿನ ಬಂತು. ಮೋಲ್ಡ್ ಹಾಕುವ ದಿನ ಮನೆಯವರು ಎಲ್ಲರಿಗೂ ಊಟ ಹಾಕುತ್ತಾರೆ, ನಿಮಗೆ ಗೊತ್ತೇ ಇದೆ. ಹಿಂದಿನ ವರ್ಷ ಬೇರೊಂದು ಮನೆಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತು ಕಾಂಕ್ರೀಟು ಅರ್ಧಕ್ಕೇ ನಿಂತಿತ್ತು. ಮಳೆಗಾಲದಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಸೋರಿತು. ಮನೆಯವರು ಬೀದಿಯಲ್ಲಿ ನಿಲ್ಲಿಸಿ ಬೈದರು. ಆ ಅವಮಾನ ಇವನ ಮನಸ್ಸಿನಲ್ಲಿ ಕೂತಿತ್ತು. ಬೆಳಿಗ್ಗೆಯೇ ಎಲ್ಲರನ್ನೂ ಸೇರಿಸಿ ಹೇಳಿದ:

"ಕೊನೇ ಬಾಂಡ್ಲಿ ಸುರಿಯೋ ತನಕ ಯಾರೂ ಬಾಯಿಗೆ ಏನೂ ಹಾಕ್ಕೊಳ್ಳೋ ಹಾಗಿಲ್ಲ. ಹಾಕ್ಕೊಂಡೋರು ಹಂಗೇ ಮನೆಗೆ ಹೋಗ್ಲಿ. ನಾಳೆಯಿಂದ ನನ್ನ ಕೆಲ್ಸಕ್ಕೆ ಬರೋದು ಬೇಡ."

ನೋಡಿ, ಕಾರಣ ಕೆಟ್ಟದ್ದಲ್ಲ. ಸೌಲನಿಗೂ ಯುದ್ಧ ಗೆಲ್ಲಬೇಕಿತ್ತು. ಆದರೆ ಇಬ್ಬರೂ ಒಂದು ಕೆಲಸ ಮಾಡಲಿಲ್ಲ. ಹೊಟ್ಟೆಗಿಲ್ಲದೆ ದುಡಿಯಬೇಕಾದವರನ್ನು ಒಂದು ಮಾತು ಕೇಳಲಿಲ್ಲ.

ಹನ್ನೊಂದಕ್ಕೆ ಮಿಕ್ಸರ್ ಕೆಟ್ಟಿತು. ರಿಪೇರಿಗೆ ಒಂದೂವರೆ ಗಂಟೆ ಹೋಯಿತು. ಎರಡು ಗಂಟೆಯಾದರೂ ಅರ್ಧ ತಾರಸಿ ಬಾಕಿ. ಪಕ್ಕದ ಶಾಮಿಯಾನದಿಂದ ಸಾರಿನ ವಾಸನೆ ಬರುತ್ತಿದೆ. ಬಾಂಡ್ಲಿ ಕೈಯಿಂದ ಕೈಗೆ ದಾಟಿಸುವ ಹೆಂಗಸರ ಸಾಲಿನಲ್ಲಿ ಮೇಸ್ತ್ರಿಯ ಹೆಂಡತಿಯೂ ಇದ್ದಳು. ಆಕೆಗೆ ಸಕ್ಕರೆ ಕಾಯಿಲೆ. ಕೈ ನಡುಗಲು ಶುರುವಾಯಿತು. ಆಕೆ ಸಾಲು ಬಿಟ್ಟು ಮರಳಿನ ಗುಡ್ಡೆಯ ಮೇಲೆ ಕೂತು ಬಾಳೆಹಣ್ಣು ಸುಲಿದು ಒಂದು ತುಂಡು ಬಾಯಿಗೆ ಹಾಕಿಕೊಂಡಳು.

ಮೇಸ್ತ್ರಿ ಮೇಲಿನಿಂದ ನೋಡಿದ. ಎಲ್ಲರೂ ಅವನನ್ನೇ ನೋಡಿದರು. ಹೆಂಡತಿ ಅಂತ ಸುಮ್ಮನೆ ಬಿಟ್ಟರೆ ಮಾತು ಹೋಯಿತು. ಮಾತು ಉಳಿಸಿಕೊಂಡರೆ? ಅದನ್ನು ಅವನು ಯೋಚಿಸಲಿಲ್ಲ.

"ಎಲ್ರಿಗೂ ಒಂದೇ ಮಾತು. ಮನೆಗೆ ಹೋಗು" ಎಂದ.

ಆಕೆ ಉಳಿದ ಹಣ್ಣನ್ನು ಅಲ್ಲೇ ಇಟ್ಟು ಎದ್ದಳು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಗೇಟಿನ ಹತ್ತಿರ ಕುಸಿದು ಬಿದ್ದಳು. ಹೆಂಗಸರು ಬಾಂಡ್ಲಿಗಳನ್ನು ಕೆಳಗಿಟ್ಟು ಓಡಿದರು. ಮೇಸ್ತ್ರಿ ಇಳಿದು ಬರುವ ಹೊತ್ತಿಗೆ ವಯಸ್ಸಾದ ಒಬ್ಬಾಕೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

"ಹನ್ನೆರಡು ಗಂಟೆಯಿಂದ ಕಣ್ಣು ಕತ್ತಲೆ ಬರ್ತದೆ ಅಂತಿದ್ಲು ಕಣಪ್ಪ. ತಿನ್ನೇ ಅಂದ್ರೆ, ನಮ್ಮನೇವ್ರ ಮಾತು ಹೋಗ್ತದೆ ಅಂತ ಇಷ್ಟೊತ್ತು ತಡ್ಕೊಂಡ್ಳು."

ಮೇಸ್ತ್ರಿ ನೆಲದ ಮೇಲೆ ಕೂತುಬಿಟ್ಟ. ಸಿಮೆಂಟಿನ ಕೈಯನ್ನು ಪಂಚೆಗೆ ಒರೆಸಿಕೊಂಡು, ಯಾರೋ ತಂದ ಸಕ್ಕರೆಯನ್ನು ಚಿಟಿಕೆ ಚಿಟಿಕೆಯಾಗಿ ಅವಳ ಬಾಯಿಗಿಟ್ಟ. ಬಹಳ ಹೊತ್ತಿನ ಮೇಲೆ ಆಕೆ ಕಣ್ಣು ಬಿಟ್ಟಳು. ಮೊದಲು ಕೇಳಿದ್ದೇನು ಗೊತ್ತೇ?

"ಮೋಲ್ಡು ನಿಂತೋಯ್ತಾ?"

ಆ ಮನುಷ್ಯ ಮೂವತ್ತು ಜನರ ಮುಂದೆ ಅತ್ತ. ಆಮೇಲೆ ಎದ್ದು ನಿಂತು ಹೇಳಿದ: "ನಾನು ಅಂದಿದ್ದು ತಪ್ಪು. ಹತ್ತತ್ತು ಜನ ಹೋಗಿ ಉಂಡ್ಕೊಂಡು ಬನ್ನಿ. ಉಳಿದೋರು ನಡೆಸೋಣ. ನಾನು ಕಡೇಲಿ ಉಣ್ತೀನಿ."

ಹತ್ತತ್ತು ಜನ ಉಂಡರೆ ಕೆಲಸ ನಿಲ್ಲುವುದಿಲ್ಲ. ಇಷ್ಟು ಸುಲಭದ ವಿಷಯ ಹೊಳೆಯಲು ಹೆಂಡತಿ ಬೀಳಬೇಕಾಯಿತು. ಆ ತಾರಸಿ ಸೋರಿತೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಬೇಡಿ. ಮಾರನೆಯ ದಿನ ಮೂವತ್ತು ಜನವೂ ಕೆಲಸಕ್ಕೆ ಬಂದರು, ಅದು ಗೊತ್ತು. ಅರಸನ ಕೈಲಾಗದ್ದು ಗಾರೆ ಮೇಸ್ತ್ರಿಯ ಕೈಲಾಯಿತು.

ಈಗ ನಮ್ಮ ವಿಷಯಕ್ಕೆ ಬರೋಣ. ನಾವು ಯಾರೂ ಅರಸರಲ್ಲ ಎಂದುಕೊಂಡು ಆರಾಮಾಗಿ ಕೂರಬೇಡಿ. ನಿಮ್ಮ ಮಾತಿಗೆ ಹೆದರುವವರು ಒಬ್ಬರಿದ್ದರೂ ಸಾಕು, ನೀವು ಅರಸರೇ. ಸಿಟ್ಟಿನಲ್ಲಿ ಮಗಳಿಗೆ ಈ ಮನೆ ಮೆಟ್ಟಿಲು ಹತ್ತಬೇಡ ಎಂದಿರಲಿಲ್ಲವೇ? ತಮ್ಮನ ಮನೆಯ ನೀರು ಮುಟ್ಟುವುದಿಲ್ಲ ಎಂದಿರಲಿಲ್ಲವೇ? ಸಿಟ್ಟು ಎಂದೋ ಇಳಿದಿದೆ. ಮಾತು ಮಾತ್ರ ಹಾಗೇ ಇದೆ. ಯಾರು ಬಳಲುತ್ತಿದ್ದಾರೆ? ಅವರನ್ನು ಕೇಳಿದ್ದೀರಾ? ಇವತ್ತೇ ಹೋಗಿ, ಯಾರ ಮುಂದೆ ಆಡಿದ್ದಿರೋ ಅವರ ಮುಂದೆಯೇ ವಾಪಸ್ ತೆಗೆದುಕೊಳ್ಳಿ. "ನಾನು ಅಂದಿದ್ದು ತಪ್ಪು, ಆದರೆ ನೀನೂ..." ಎಂದು ಶುರು ಮಾಡಬೇಡಿ. ಆ "ಆದರೆ" ಬಂದರೆ ನೀವು ಏನೂ ಹೇಳಿದ ಹಾಗಾಗಲಿಲ್ಲ.

ಇಷ್ಟು ಹೇಳಿ ನಾನು ಇಳಿದುಬಿಡಬಹುದು. ಆದರೆ ನನ್ನದೂ ಒಂದಿದೆ. ಎಂಟೂವರೆಗೆ ಆರಾಧನೆ ಶುರುವಾದ ಮೇಲೆ ಬಾಗಿಲು ಹಾಕಿ, ತಡವಾಗಿ ಬಂದವರು ಹೊರಗೇ ಇರಲಿ ಎಂದು ನಾಲ್ಕು ತಿಂಗಳ ಹಿಂದೆ ಇಲ್ಲೇ ನಿಂತು ಹೇಳಿದೆ. ನಮ್ಮ ಕೃಪಾವತಿ ಸಿಸ್ಟರ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುತ್ತಾರೆ. ಅವರ ಬಸ್ಸು ಇಲ್ಲಿಗೆ ಬರುವುದೇ ಒಂಬತ್ತಕ್ಕೆ. ನಾಲ್ಕು ತಿಂಗಳಿಂದ ಆ ಎಡಗಡೆಯ ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದಾರೆ. ನನಗೆ ಅದು ಹೋದ ಭಾನುವಾರವೇ ಗೊತ್ತಾಯಿತು. ಆದರೂ ಒಂದು ವಾರ ಸುಮ್ಮನಿದ್ದೆ. ಹೇಳಿದ ಮಾತು ಬದಲಿಸಿದರೆ ಜನ ಏನೆಂದುಕೊಳ್ಳುತ್ತಾರೋ ಎಂದು ನಾಚಿಕೆಯಾಯಿತು.

ಬಾಗಿಲ ಹತ್ತಿರ ಕೂತಿರುವ ಸ್ವಾಮಿದಾಸರೇ, ಬಾಗಿಲು ತೆಗೆಯಿರಿ. ಪೂರ್ತಿ ತೆಗೆಯಿರಿ. ಸಿಸ್ಟರ್, ನಾನು ಅಂದಿದ್ದು ತಪ್ಪು. ಒಳಗೆ ಬನ್ನಿ. ಮೊದಲ ಬೆಂಚಿನವರು ಸ್ವಲ್ಪ ಸರಿದು ಕೂರಿ.