ರಿಹಾಬಳ ವಂದನಾರ್ಪಣೆಗೆ ಮೊದಲು

ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿರುವ ಮುಖ್ಯೋಪಾಧ್ಯಾಯಿನಿ ಇನ್‌ಸಾಫ್ ಅವರೇ, ವೇದಿಕೆಯ ಗಣ್ಯರೇ, ಪೀಠೋಪಕರಣದ ಅಂಗಡಿಗಳಿಗೆ ಬೇಗನೆ ಬೀಗ ಜಡಿದು ಬಂದಿರುವ ನಮ್ಮ ದಮಿಯೆತ್ತಾ ಊರಿನ ತಂದೆತಾಯಂದಿರೇ, ಸಭಿಕರೇ,

ಮಕ್ಕಳ ಮಾತಿನ ತೊಂದರೆ ನೋಡುವ ವೈದ್ಯ ನಾನು. ನನ್ನ ಹೆಸರನ್ನು ನಿರೂಪಕರೇ ಹೇಳಿಬಿಟ್ಟರು, ದೊಡ್ಡ ಉಪಕಾರವಾಯಿತು. ಯಾಕೆಂದು ಆಮೇಲೆ ತಿಳಿಯುತ್ತದೆ.

ನಾಲ್ಕನೇ ತರಗತಿಯ ರಿಹಾಬಳನ್ನು ಯಾರು ತಾನೇ ಅರಿಯರು? ಬೆಳಗಿನ ಸಭೆಯಲ್ಲಿ ಮೈಕಿನ ಮುಂದೆ ಅವಳು ಕುರಾನ್ ಪಠಿಸಿದರೆ ಬೀದಿಯ ರೊಟ್ಟಿಯವನೂ ಗಾಡಿ ನಿಲ್ಲಿಸುತ್ತಾನೆ. ತರಗತಿಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದರೆ ಅದೇ ಹುಡುಗಿ ತುಟಿ ಬಿಗಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು.

ಮಹ್ರೂಸ್ ಮಾಸ್ತರರಿಗೆ ಸಿಟ್ಟು. "ಮೈಕಿನ ಮುಂದೆ ಅರಳು ಹುರಿದ ಹಾಗೆ ಬರುತ್ತೆ, ನನ್ನ ಮುಂದೆ ಮಾತ್ರ ಮೂಗಿ! ಇದು ಕೊಬ್ಬಲ್ದೆ ಇನ್ನೇನ್ರೀ?"

ಅವಳ ಅಜ್ಜಿ ಅನ್ಹಾರ್ ಅವರ ಲೆಕ್ಕಾಚಾರವೇ ಬೇರೆ. "ಅಯ್ಯೋ, ಊರಿನ ಕಣ್ಣೆಲ್ಲ ನನ್ನ ಕೂಸಿನ ಮೇಲೇ ಬಿತ್ತಲ್ಲಪ್ಪಾ! ಆ ಮೈಕಿನ ಸಹವಾಸವೇ ಬೇಡ!"

ಧೂಪ ಹಾಕಿದರು, ಪಠಣ ಬಿಡಿಸಲು ಹಟ ಹಿಡಿದರು. ಮಗುವಿನ ನಾಲಗೆ ಸಲೀಸಾಗಿ ಹರಿಯುತ್ತಿದ್ದುದು ಅದೊಂದೇ ಕಡೆ, ಅದಕ್ಕೂ ಬೀಗ ಬೀಳುವುದರಲ್ಲಿತ್ತು.

ಅಷ್ಟರಲ್ಲಿ ತಾಯಿ ನನ್ನಲ್ಲಿಗೆ ಕರೆತಂದರು, ಅಜ್ಜಿಯೂ ಜತೆಗೆ ಬಂದರು. ಮೊದಲು ರಿಹಾಬಳ ಜತೆ ಪಠಿಸಿದೆ, ಹಾಡಿದೆ. ಎಲ್ಲೂ ತಡೆಯಿಲ್ಲ. ಆಮೇಲೆ ಕೇಳಿದೆ: "ನಿನ್ನೆ ಊಟಕ್ಕೆ ಏನಿತ್ತಮ್ಮ?"

"ಮು... ಮು..."

"ಮುಲೂಖಿಯಾ ಸೊಪ್ಪಿನ ಸಾರು, ಡಾಕ್ಟ್ರೇ! ಮೊಲದ ಮಾಂಸ ಹಾಕಿದ್ದೆ!" ಎಂದರು ಅಜ್ಜಿ.

"ಅಜ್ಜೀ, ನಾನು ಕೇಳಿದ್ದು ನಿಮ್ಮನ್ನಾ, ಅವಳನ್ನಾ?"

ಸಭಿಕರೇ, ಬಾಯಿಪಾಠದ ಮಾತು, ಹಾಡಿನ ಮಾತು, ಇನ್ನೊಬ್ಬರ ಜತೆ ಸೇರಿ ಹೇಳುವ ಮಾತು ಉಗ್ಗುವವರಿಗೂ ಎಷ್ಟೋ ಸಲ ಸುಲಭವಾಗಿ ಬರುತ್ತದೆ. ತಾವೇ ಕಟ್ಟಿ ಆಡಬೇಕಾದ ಮಾತು ಗಂಟಲಲ್ಲೇ ನಿಲ್ಲುತ್ತದೆ. ಇದು ಕೊಬ್ಬೇ? ಅಲ್ಲ. ದೃಷ್ಟಿಯೇ? ಅಲ್ಲ. ಇದು ಉಗ್ಗು, ಅಷ್ಟೇ.

ನನ್ನ ನಿಕಾಹ್‌ನಲ್ಲಿ ಮೌಲ್ವಿಗಳು ಹೇಳಿಕೊಟ್ಟದ್ದನ್ನೆಲ್ಲ ನಾನು ತಪ್ಪಿಲ್ಲದೆ ಒಪ್ಪಿಸಿದೆ. ಆಮೇಲೆ ಬಂದ ಹೆಂಡತಿಯ ಸೋದರಮಾವ, "ಹೆಸರೇನಪ್ಪಾ ಮದುಮಗನೇ?" ಎಂದರು. ಬಾಯಿ ತೆರೆದೆ, ಹೆಸರು ಬರಲಿಲ್ಲ.

"ಇರಲಿ ಬಿಡಪ್ಪಾ, ಹುಡುಗಿ ಕೊಟ್ಟಾಯ್ತು. ಹೆಸರು ನಾಳೆ ಹೇಳಿದ್ರೂ ನಡೆಯುತ್ತೆ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಮದುಮಗಳು ಮಾತ್ರ ನಗಲಿಲ್ಲ, ನನ್ನ ಮುಖ ನೋಡುತ್ತಾ ಕಾದಳು. ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಅವಳಂಥವರು ನನ್ನ ಬಾಲ್ಯದಲ್ಲಿ ಒಬ್ಬರಾದರೂ ಇದ್ದಿದ್ದರೆ... ಇರಲಿ, ವಿಷಯಕ್ಕೆ ಬರುತ್ತೇನೆ.

ಈಗ ವಂದನಾರ್ಪಣೆ ರಿಹಾಬಳದು. ಬಾಯಿಪಾಠವಲ್ಲ, ಅವಳೇ ಕಟ್ಟಿದ ಮಾತು. ನಡುವೆ ನಿಲ್ಲಬಹುದು. ಅಜ್ಜೀ, ಮುಂದಿನ ಸಾಲಿನಲ್ಲೇ ಇದ್ದೀರಿ, ದಮ್ಮಯ್ಯ, ಪದ ಎತ್ತಿಕೊಡಬೇಡಿ. ಮಾಸ್ತರರೇ, ಗಡಿಯಾರ ನೋಡಬೇಡಿ.

ನಾನು ಇಲ್ಲಿಯವರೆಗೆ ಆಡಿದ್ದೆಲ್ಲ ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದು. ಅವಳಿಗೆ ಧೈರ್ಯವಾಗಲೆಂದು ಬಾಯಿಪಾಠವಲ್ಲದ ಒಂದು ಮಾತು ನಾನೂ ಆಡಿಬಿಡುತ್ತೇನೆ. ನನ್ನ ಹೆಸರು ವ... ವ...

ವಗ್ದಿ.

ಯಾರೂ ನಗಲಿಲ್ಲ, ಯಾರೂ ಎತ್ತಿಕೊಡಲಿಲ್ಲ. ನೀವು ಕಾದಿರಿ, ಅದು ಬಂತು. ಅದಕ್ಕೇ ನಿಮಗೆಲ್ಲ ನನ್ನ ಧನ್ಯವಾದ. ಅವಳಿಗೂ ಇಷ್ಟೇ ಕಾಯಿರಿ.

ಬಾರಮ್ಮ ರಿಹಾಬ್, ಮೈಕು ನಿನ್ನದು. ಎಲ್ಲರಿಗೂ ನಮಸ್ಕಾರ.